ಟೈರ್ ಕೂರುತ್ತೆ, ಗಾಡಿ ತಾಳುತ್ತಾ?

ವ್ಯಾನ್ ಎತ್ತರಿಸಿ ದೊಡ್ಡ ಟೈರ್ ಹಾಕಿಸಲು ಹೊರಟವರು ಗ್ಯಾರೇಜಿನಲ್ಲಿ ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ: ‘ಕೂರುತ್ತಾ?’ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಎಲ್ಲೂ ತಾಗದಿದ್ದರೆ, ಗುಂಡಿಗೆ ಬಿದ್ದಾಗ ಒಳಗಿನ ತಗಡಿಗೆ ಉಜ್ಜದಿದ್ದರೆ ಕೂತಿತು ಎಂದೇ ಲೆಕ್ಕ. ತಾಗಿದರೂ ಚಿಂತೆಯಿಲ್ಲ, ಮಡ್‌ಗಾರ್ಡಿನ ಅಂಚಿಗೆ ಸುತ್ತಿಗೆಯಲ್ಲಿ ನಾಲ್ಕು ಏಟು ಹಾಕಿ ಮಡಚಿದರೆ ಕೂರುತ್ತದೆ. ನಿಜ ಹೇಳಬೇಕೆಂದರೆ ಟೈರ್ ಕೂರಿಸುವುದು ಈ ಕೆಲಸದಲ್ಲಿ ಅತಿ ಸುಲಭದ ಪಾಲು. ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ಹೋಗುವ ವ್ಯಾನಿನಲ್ಲಂತೂ ಅಸಲಿ ತಾಪತ್ರಯ ಶುರುವಾಗುವುದು ಟೈರ್ ಕೂತ ಮೇಲೆ, ಹೊರಗೆ ನಿಂತು ನೋಡಿದರೆ ಕಾಣದ ಜಾಗಗಳಲ್ಲಿ.

ಇದನ್ನು ಬಿಡಿಸಿ ನೋಡಲು ಫೋಕ್ಸ್‌ವ್ಯಾಗನ್ ಸಿಂಕ್ರೊ ವ್ಯಾನಿನಷ್ಟು ಒಳ್ಳೆಯ ಗಾಡಿ ನನಗೆ ತಿಳಿದಂತೆ ಇನ್ನೊಂದಿಲ್ಲ. ಈ ಒಂದೇ ಮಾದರಿಗೆ ಕಾರ್ಖಾನೆಯೂ ಒಮ್ಮೆ ದೊಡ್ಡ ಟೈರ್ ಹಾಕಿ ಕೊಟ್ಟಿದೆ, ಮಾಲೀಕರೂ ದಶಕಗಳಿಂದ ಹಾಕಿಸುತ್ತಲೇ ಬಂದಿದ್ದಾರೆ. ಇಬ್ಬರೂ ಮಾಡಿದ ಕೆಲಸವನ್ನು ಅಕ್ಕಪಕ್ಕ ಇಟ್ಟು ನೋಡಬಹುದು.

1979ರಲ್ಲಿ ಬಂದ ಫೋಕ್ಸ್‌ವ್ಯಾಗನ್ ಟಿ3 ವ್ಯಾನಿಗೆ ಎಂಜಿನ್ ಹಿಂದೆ, ಎಳೆತವೂ ಹಿಂದಿನ ಚಕ್ರಗಳಿಗೇ. ಅದಕ್ಕೂ ಮುಂಚೆ, 1970ರ ದಶಕದಲ್ಲೇ, ಕಂಪನಿಯ ವ್ಯಾನ್ ವಿಭಾಗದ ಮುಖ್ಯ ಎಂಜಿನಿಯರ್ ಗುಸ್ಟಾವ್ ಮಾಯರ್ ಹಿಂದಿನ ಮಾದರಿಯ ವ್ಯಾನಿಗೆ ನಾಲ್ಕು ಚಕ್ರದ ಎಳೆತ ಕೂರಿಸಿ ಸಹಾರಾ ಮರಳಿನಲ್ಲಿ ಓಡಿಸಿ ನೋಡಿದ್ದರು. ಆ ಹುಚ್ಚು ಮಾರಾಟದ ಗಾಡಿಯಾಗಿ ಹೊರಬಂದದ್ದು 1985ರಲ್ಲಿ, ಸಿಂಕ್ರೊ ಎಂಬ ಹೆಸರಿನಲ್ಲಿ. ಬಾಡಿ ಜರ್ಮನಿಯ ಹ್ಯಾನೋವರ್‌ನಿಂದ ಬರುತ್ತಿತ್ತು. ಗಾಡಿಯಾಗಿ ಎದ್ದು ನಿಲ್ಲುತ್ತಿದ್ದುದು ಆಸ್ಟ್ರಿಯಾದ ಗ್ರಾಜ್ ಊರಿನ ಸ್ಟೈರ್-ಡೈಮ್ಲರ್-ಪುಖ್ ಕಾರ್ಖಾನೆಯಲ್ಲಿ. ಹಾಫ್ಲಿಂಗರ್, ಪಿನ್ಜ್‌ಗೌವರ್‌ನಂಥ ಸೈನ್ಯದ ಗುಡ್ಡಗಾಡು ವಾಹನಗಳನ್ನು ಮಾಡಿ ಕೈ ಪಳಗಿದ್ದ ಜನ ಅವರು. ಮರ್ಸಿಡಿಸ್ ಜಿ ವ್ಯಾಗನ್ ಕೂಡ ಅಲ್ಲಿಯದೇ. ಅಮೆರಿಕದಲ್ಲಿ ಈ ವ್ಯಾನ್ ‘ವ್ಯಾನಗನ್ ಸಿಂಕ್ರೊ’ ಎಂಬ ಹೆಸರಿನಲ್ಲಿ 1986ರಿಂದ 1991ರವರೆಗೆ ಮಾರಾಟವಾಯಿತು. ಒಳಗೇ ಹಾಸಿಗೆ, ಒಲೆ, ಸಿಂಕು ಇರುವ ವೆಸ್ಟ್‌ಫಾಲಿಯಾ ಮಾದರಿಗಳನ್ನು ಯೂಟಾದ ಕೆಂಪು ಬಂಡೆಗಳ ನಡುವೆ, ಬಾಹಾ ಕ್ಯಾಲಿಫೋರ್ನಿಯಾದ ಧೂಳು ರಸ್ತೆಗಳಲ್ಲಿ ಜನ ಇಂದಿಗೂ ಮನೆಯಂತೆ ಬಳಸುತ್ತಾರೆ.

ಅಮೆರಿಕಕ್ಕೆ ಬಂದ ಸಿಂಕ್ರೊ ಹೊತ್ತು ತಂದ ಟೈರ್ 205/70 ಆರ್ 14. ಟೈರಿನ ಪಕ್ಕೆಯ ಮೇಲಿನ ಈ ಅಂಕಿಗಳನ್ನು ಓದಲು ಬಂದರೆ ಅರ್ಧ ವಿಷಯ ತಿಳಿದಂತೆ. 205 ಎಂದರೆ ಮಿಲಿಮೀಟರ್‌ನಲ್ಲಿ ಅಗಲ. 70 ಎಂದರೆ ಪಕ್ಕೆಯ ಎತ್ತರ ಆ ಅಗಲದ ಶೇ 70. 14 ಎಂದರೆ ರಿಮ್ಮಿನ ಅಡ್ಡಳತೆ, ಇಂಚಿನಲ್ಲಿ. ಕೂಡಿಸಿದರೆ ಟೈರಿನ ಒಟ್ಟು ಎತ್ತರ ಸುಮಾರು 643 ಮಿ.ಮೀ. ಮಾಲೀಕರು ಆಸೆಪಟ್ಟು ಹಾಕಿಸುವ 225/75 ಆರ್ 16 ಟೈರಿನದು 744 ಮಿ.ಮೀ. ವ್ಯತ್ಯಾಸ ಹತ್ತು ಸೆಂಟಿಮೀಟರ್, ಶೇ 16ರಷ್ಟು. ಅದರ ಅರ್ಧ, ಅಂದರೆ ಐದು ಸೆಂಟಿಮೀಟರ್, ಗಾಡಿಯ ಹೊಟ್ಟೆ ನೆಲದಿಂದ ಮೇಲೇಳುತ್ತದೆ. ಉಳಿದರ್ಧ ಚಕ್ರದ ಗೂಡಿನೊಳಕ್ಕೆ ಏರಿ ಜಾಗ ಕೇಳುತ್ತದೆ. ಹಾಗಾಗಿಯೇ ಮೊದಲು ಗಾಡಿ ಎತ್ತರಿಸಬೇಕಾಗಿ ಬರುವುದು.

ಎತ್ತರಿಸುವುದು ಎಂದರೆ ಸ್ಪ್ರಿಂಗ್ ಬದಲಿಸಿ ಉದ್ದದ್ದು ಹಾಕುವುದು, ಇಲ್ಲವೇ ಇದ್ದ ಸ್ಪ್ರಿಂಗಿನ ತಲೆಗೆ ದಪ್ಪ ಬಿಲ್ಲೆ ಇಡುವುದು. ಇಲ್ಲೊಂದು ಗೊಂದಲ ನಮ್ಮಲ್ಲೂ ಇದೆ. ಜಿಮ್ನಿಯಂಥ ಗಾಡಿಯಲ್ಲಿ ಒಂದು ಚಕ್ರದಿಂದ ಇನ್ನೊಂದು ಚಕ್ರಕ್ಕೆ ಇಡಿಯಾಗಿ ಹಾಯ್ದ ಗಟ್ಟಿ ಎಕ್ಸಲ್ ಇರುತ್ತದೆ. ನಡುವಿನ ಉಂಡೆಯಂಥ ಹೌಸಿಂಗ್ ಅದಕ್ಕೇ ಅಂಟಿಕೊಂಡಿರುವುದರಿಂದ ಸ್ಪ್ರಿಂಗ್ ಎಷ್ಟೇ ಎತ್ತರಿಸಿ, ಬಾಡಿ ಮೇಲೇಳುತ್ತದೆಯೇ ಹೊರತು ಹೌಸಿಂಗ್ ಅಲ್ಲೇ ಉಳಿಯುತ್ತದೆ. ಅದನ್ನು ಕಲ್ಲಿನಿಂದ ಪಾರು ಮಾಡುವುದು ದೊಡ್ಡ ಟೈರ್ ಮಾತ್ರ. ಸಿಂಕ್ರೊ ಹಾಗಲ್ಲ. ಅದರ ನಾಲ್ಕೂ ಚಕ್ರಗಳು ಬೇರೆ ಬೇರೆಯಾಗಿ ಏರಿಳಿಯುತ್ತವೆ, ಹೌಸಿಂಗ್ ಬಾಡಿಗೆ ಕಟ್ಟಿದೆ. ಗಾಡಿ ಎತ್ತಿದರೆ ಹೌಸಿಂಗೂ ಏಳುತ್ತದೆ. ಕೇಳಲು ಲಾಭದ ವ್ಯವಹಾರದಂತೆ ಕಾಣುತ್ತದೆ, ಆದರೆ ಲೆಕ್ಕ ಬೇರೆ ಕಡೆ ಚುಕ್ತಾ ಆಗುತ್ತದೆ.

ಮೇಲೆದ್ದ ಹೌಸಿಂಗಿನಿಂದ ಕೆಳಗುಳಿದ ಚಕ್ರಕ್ಕೆ ಬಲ ಒಯ್ಯುವ ಶಾಫ್ಟ್ ಈಗ ಇಳಿಜಾರಾಗುತ್ತದೆ. ಅದರ ಎರಡೂ ತುದಿಯ ಸಿ.ವಿ. ಜಾಯಿಂಟ್‌ಗಳು ಸದಾ ಬಗ್ಗಿಕೊಂಡೇ ತಿರುಗಬೇಕು. ಅವುಗಳ ರಬ್ಬರ್ ಬೂಟಿನ ಮಡಿಕೆಗಳು ಒಂದಕ್ಕೊಂದು ತಿಕ್ಕಿ ಹರಿಯುತ್ತವೆ, ಗ್ರೀಸ್ ಚಿಮ್ಮಿ ಹೋಗುತ್ತದೆ, ಧೂಳು ಒಳಸೇರುತ್ತದೆ. ತಿರುವಿನಲ್ಲಿ ‘ಟಕ್ ಟಕ್’ ಸದ್ದು ಶುರುವಾದರೆ ಜಾಯಿಂಟಿನ ಆಯಸ್ಸು ಮುಗಿಯಿತೆಂದೇ ಅರ್ಥ. ಹಿಂದಿನ ಚಕ್ರಗಳು ಓರೆಯಾಗಿ ಕೂತ ತೋಳುಗಳಿಗೆ ಜೋತಿರುವುದರಿಂದ, ಗಾಡಿ ಎದ್ದಷ್ಟೂ ಚಕ್ರದ ತಲೆ ಹೊರಕ್ಕೆ ವಾಲಿ ಟೈರಿನ ಹೊರ ಅಂಚು ಬೇಗ ಸವೆಯುತ್ತದೆ. ಇನ್ನೊಂದನ್ನು ಬಹಳ ಮಂದಿ ಮರೆಯುತ್ತಾರೆ. ಚಕ್ರ ಕೆಳಕ್ಕೆ ಇಳಿಯಬಲ್ಲ ದೂರಕ್ಕೆ ಒಂದು ಮಿತಿಯಿದೆ, ಎತ್ತರಿಸಿದಾಗ ಅದರಲ್ಲಿ ಒಂದಿಷ್ಟನ್ನು ನಿಂತಲ್ಲೇ ಖರ್ಚು ಮಾಡಿಬಿಟ್ಟಿರುತ್ತೇವೆ. ಹಳ್ಳದಲ್ಲಿ ನೆಲ ತಗ್ಗಿದಾಗ ಚಕ್ರ ಅದನ್ನು ಮುಟ್ಟಲಾರದೆ ಗಾಳಿಯಲ್ಲಿ ಜೋತಾಡುತ್ತದೆ. ಲಾಕ್ ಇಲ್ಲದ ಡಿಫರೆನ್ಷಿಯಲ್ ಇದ್ದರೆ ಆ ಗಾಳಿಯ ಚಕ್ರವೇ ಗಿರ್ರನೆ ತಿರುಗಿ ಎಳೆತವನ್ನೆಲ್ಲ ನುಂಗುತ್ತದೆ. ಕಾಡುದಾರಿಗೆಂದು ವಿಪರೀತ ಎತ್ತರಿಸಿದ ವ್ಯಾನ್ ಕಾಡುದಾರಿಯಲ್ಲೇ ಸೋಲುವುದು ಹೀಗೆ.

ಇನ್ನು ಗೇರಿನ ವಿಚಾರ. ಟೈರ್ ಎಂದರೆ ಗಾಡಿಯ ಕೊನೆಯ ಗೇರ್. ಗೇರ್ ಬಾಕ್ಸ್ ಬಿಟ್ಟು, ಹೌಸಿಂಗಿನೊಳಗಿನ ಗೇರ್ ಜೋಡಿಯಾದ ಕ್ರೌನ್ ಪಿನಿಯನ್ ದಾಟಿ ಬಂದ ತಿರುಗಾಟ ನೆಲದ ಮೇಲೆ ಎಷ್ಟು ದೂರವಾಗುತ್ತದೆ ಎಂಬುದನ್ನು ತೀರ್ಮಾನಿಸುವುದು ಟೈರಿನ ಸುತ್ತಳತೆ. ಹಳೆಯ ಟೈರ್ ಒಂದು ಸುತ್ತಿಗೆ 2.02 ಮೀಟರ್ ಹೋದರೆ ಹೊಸದು 2.34 ಮೀಟರ್ ಹೋಗುತ್ತದೆ (ಇದು ಕಾಗದದ ಲೆಕ್ಕ, ಭಾರ ಕೂತಾಗ ಎರಡೂ ತುಸು ಕುಗ್ಗುತ್ತವೆ). ಅಮೆರಿಕದ ಸಿಂಕ್ರೊದ ಕ್ರೌನ್ ಪಿನಿಯನ್ ಅನುಪಾತ 4.86. ದೊಡ್ಡ ಟೈರ್ ಹಾಕಿದ ಕೂಡಲೇ ಅದು 4.20 ಆದಂತೆ. 2.1 ಲೀಟರಿನ ಆ ಪೆಟ್ರೋಲ್ ಎಂಜಿನ್ನಿನದು 95 ಅಶ್ವಶಕ್ತಿ, ಅದು ಎಳೆಯಬೇಕಾದ್ದು ಸಂಸಾರ ಸಮೇತ ಎರಡು ಟನ್ ದಾಟುವ ಮನೆ. ಮೊದಲೇ ಏರಿನಲ್ಲಿ ಏದುಸಿರು ಬಿಡುತ್ತಿದ್ದ ಗಾಡಿಗೆ ಈಗ ಪಿಕಪ್ಪೇ ಇರುವುದಿಲ್ಲ. ನಾಲ್ಕನೇ ಗೇರಿನಲ್ಲಿ ಏರುತ್ತಿದ್ದ ದಿಬ್ಬಕ್ಕೆ ಮೂರು ಬೇಕು, ಮೂರರದಕ್ಕೆ ಎರಡು. ನಿಧಾನವಾಗಿ ತೆವಳಲೆಂದೇ ಕೊಟ್ಟಿರುವ ‘ಜಿ’ ಗೇರೂ ತೆವಳುವುದು ಬಿಟ್ಟು ನಡೆಯತೊಡಗುತ್ತದೆ. ಬಂಡೆ ದಾಟುವಾಗ ಕ್ಲಚ್ಚಿನ ಮೇಲೆ ಕಾಲಿಟ್ಟೇ ಇರಬೇಕು, ಕ್ಲಚ್ ಪ್ಲೇಟಿನ ವಾಸನೆ ಮೂಗಿಗೆ ಬಡಿಯುತ್ತದೆ. ಹಲವರು ಇದಕ್ಕೆ ಹೆಚ್ಚು ಬಲದ ಸುಬಾರು ಎಂಜಿನ್ ಹಾಕಿಸಿ ಪರಿಹಾರ ಕಂಡುಕೊಳ್ಳುತ್ತಾರೆ. ಆಗ ಪೆಟ್ಟು ಎಂಜಿನ್ನಿನಿಂದ ಗೇರ್ ಬಾಕ್ಸಿಗೆ ವರ್ಗವಾಗುತ್ತದೆ ಅಷ್ಟೆ.

ಸ್ಪೀಡೋಮೀಟರ್ ಸುಳ್ಳು ಹೇಳುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಮುಳ್ಳು 100 ತೋರಿಸುವಾಗ ಗಾಡಿ 116ರಲ್ಲಿ ಓಡುತ್ತಿರುತ್ತದೆ. ‘ಟೈರ್ ಹಾಕಿದ ಮೇಲೆ ಮೈಲೇಜ್ ಬಿದ್ದೇ ಹೋಯ್ತು’ ಎಂದು ಗೋಳಾಡುವವರು ಇದನ್ನೂ ಗಮನಿಸಬೇಕು. ಬಿದ್ದಿರುವುದು ಹೌದು, ಆದರೆ ಅವರು ಹೇಳುವಷ್ಟಲ್ಲ. 116 ಕಿಲೋಮೀಟರ್ ಓಡಿದ್ದನ್ನು 100 ಎಂದು ಬರೆದುಕೊಳ್ಳುವ ಮೀಟರ್ ನಂಬಿ ಪೆಟ್ರೋಲ್ ಲೆಕ್ಕ ಹಾಕಿದರೆ ಇನ್ನೇನಾದೀತು?

ಈವರೆಗೆ ಹೇಳಿದ್ದೆಲ್ಲ ಯಾವ ಗಾಡಿಗಾದರೂ ಅನ್ವಯಿಸೀತು. ಸಿಂಕ್ರೊದಂಥ ಗಾಡಿಯಲ್ಲಿ ಸೂಕ್ಷ್ಮ ಇರುವುದು ಮುಂದಿನ ಹೌಸಿಂಗಿನೊಳಗೆ, ವಿಸ್ಕಸ್ ಕಪ್ಲಿಂಗ್ ಎಂಬ ಮುಚ್ಚಿದ ಡಬ್ಬಿಯಲ್ಲಿ. ಗೇರ್ ಬಾಕ್ಸಿನಿಂದ ಹಿಂದಿನ ಚಕ್ರಗಳಿಗೆ ಬಲ ನೇರ ಹೋಗುತ್ತದೆ. ಮುಂದಕ್ಕೆ ಒಂದು ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್ ಹೋಗಿ ಈ ಡಬ್ಬಿಯನ್ನು ಸೇರುತ್ತದೆ. ಒಳಗೆ ತೂತು ತೂತಾದ ತೆಳು ಉಕ್ಕಿನ ಬಿಲ್ಲೆಗಳ ಸಾಲು. ಒಂದು ಬಿಟ್ಟು ಒಂದು ಶಾಫ್ಟಿಗೆ ಸೇರಿದ್ದು, ನಡುವಿನವು ಮುಂದಿನ ಚಕ್ರಗಳ ಕಡೆಯವು. ಒಂದನ್ನೊಂದು ಮುಟ್ಟುವುದಿಲ್ಲ. ನಡುವೆ ತುಂಬಿರುವುದು ಮಂದವಾದ ಸಿಲಿಕೋನ್ ದ್ರವ. ಒಲೆಯ ಮೇಲೆ ಮುದ್ದೆ ಗಟ್ಟಿಯಾಗುತ್ತಾ ಬಂದಾಗ ಕೋಲು ತಿರುವಿದರೆ ಪಾತ್ರೆಯೇ ಕೋಲಿನ ಜತೆ ತಿರುಗಲು ನೋಡುತ್ತದಲ್ಲ, ಇಲ್ಲಿ ನಡೆಯುವುದು ಅದೇ. ಮುಂದಿನ ಹಿಂದಿನ ಚಕ್ರಗಳು ಒಂದೇ ವೇಗದಲ್ಲಿ ಉರುಳುವವರೆಗೆ ದ್ರವಕ್ಕೆ ಕೆಲಸವಿಲ್ಲ. ಹಿಂದಿನ ಚಕ್ರ ಕೆಸರಿನಲ್ಲಿ ಜಾರಿ ಗಿರಕಿ ಹೊಡೆಯಿತೋ, ಶಾಫ್ಟಿನ ಬಿಲ್ಲೆಗಳು ವೇಗವಾಗಿ ತಿರುಗಿ ದ್ರವವನ್ನು ಎಳೆಯುತ್ತವೆ, ದ್ರವ ಮುಂದಿನ ಬಿಲ್ಲೆಗಳನ್ನು ಎಳೆಯುತ್ತದೆ. ದ್ರವ ಬಿಸಿಯೇರಿ ಹಿಗ್ಗಿ ಒತ್ತಡ ಹೆಚ್ಚಿದರೆ ಬಿಲ್ಲೆಗಳೇ ಒಂದಕ್ಕೊಂದು ಅಂಟಿದಂತಾಗಿ ಎರಡೂ ಕಡೆ ಒಟ್ಟಿಗೆ ತಿರುಗುತ್ತವೆ. ತಣ್ಣಗಾದರೆ ಮತ್ತೆ ಬಿಡುಗಡೆ. ಚಾಲಕ ಯಾವ ಗುಂಡಿಯನ್ನೂ ಒತ್ತಬೇಕಿಲ್ಲ.

ಚಂದದ ಏರ್ಪಾಟು. ಆದರೆ ಆ ಡಬ್ಬಿಗೆ ಕೆಸರು ಯಾವುದು, ಟೈರಿನ ವ್ಯತ್ಯಾಸ ಯಾವುದು ಎಂದು ಗೊತ್ತಾಗುವುದಿಲ್ಲ. ಮುಂದೆ ಸವೆದ ಟೈರ್ ಜೋಡಿ, ಹಿಂದೆ ಹೊಸ ಜೋಡಿ ಹಾಕಿಕೊಂಡಿರಿ ಎಂದುಕೊಳ್ಳಿ. ಹೊಸದಕ್ಕಿಂತ ಹಳೆಯದರ ಟ್ರೆಡ್ಡಿನ ಆಳ ನಾಲ್ಕು ಮಿಲಿಮೀಟರ್ ಕಡಿಮೆ, ಅಷ್ಟೇ. ಸುತ್ತಳತೆಯಲ್ಲಿ ಅದು 25 ಮಿ.ಮೀ. ಆಗುತ್ತದೆ. ಉದಾಹರಣೆಗೆ, 215/75 ಆರ್ 15 ಅಳತೆಯ ಟೈರ್ ಕಿಲೋಮೀಟರಿಗೆ ಸುಮಾರು 450 ಸುತ್ತು ಹಾಕುತ್ತದೆ. ಅಂದರೆ ಪ್ರತಿ ಕಿಲೋಮೀಟರಿಗೆ ಹನ್ನೊಂದು ಮೀಟರ್, ನೂರು ಕಿಲೋಮೀಟರಿಗೆ ಒಂದು ಕಿಲೋಮೀಟರ್‌ಗೂ ಮಿಗಿಲಾದ ಜಾರುವಿಕೆಯನ್ನು ಆ ದ್ರವವೇ ನುಂಗಬೇಕು, ಒಣ ಟಾರು ರಸ್ತೆಯಲ್ಲಿ, ಬಿಡುವಿಲ್ಲದೆ. ಬಿಸಿಯಾಗಿ ಬಿಸಿಯಾಗಿ ದ್ರವದ ಗುಣ ಕೆಡುತ್ತದೆ, ಡಬ್ಬಿ ಬಿಗಿಯಾಗುತ್ತದೆ. ಆಮೇಲೆ ಅದು ಬೇಡವೆಂದರೂ ಹಿಡಿದುಕೊಳ್ಳುತ್ತದೆ, ಬಿಡುವುದೇ ಇಲ್ಲ.

ಸಿಂಕ್ರೊ ಕೊಳ್ಳಲು ಹೋದವರು ಇದನ್ನು ಪರೀಕ್ಷಿಸುವ ಬಗೆ ಸರಳ. ಗಾಡಿಯನ್ನು ಹತ್ತಾರು ಕಿಲೋಮೀಟರ್ ಓಡಿಸಿ ಬಿಸಿ ಮಾಡಿ, ಒಣ ಸಿಮೆಂಟ್ ನೆಲದ ಮೇಲೆ ಸ್ಟೀರಿಂಗ್ ಒಂದು ಕಡೆಗೆ ಪೂರ್ತಿ ತಿರುಗಿಸಿ, ಆಕ್ಸಿಲರೇಟರ್ ಮುಟ್ಟದೆ ಕ್ಲಚ್ ಬಿಟ್ಟು ವೃತ್ತಾಕಾರವಾಗಿ ಹೋಗಲು ಬಿಡುತ್ತಾರೆ. ಕಪ್ಲಿಂಗ್ ಆರೋಗ್ಯವಾಗಿದ್ದರೆ ಸ್ವಲ್ಪ ತಡೆದಂತೆನಿಸಿದರೂ ವ್ಯಾನ್ ಸುತ್ತುತ್ತದೆ. ಬಿಗಿದಿದ್ದರೆ ಯಾರೋ ಬ್ರೇಕ್ ಹಿಡಿದಂತೆ ತಡವರಿಸಿ, ಟೈರ್ ಕಿರುಗುಟ್ಟಿ, ಎಂಜಿನ್ ಆಫ್ ಆಗಿಬಿಡುತ್ತದೆ. ಟೈರ್ ದೊಡ್ಡದಾದಷ್ಟೂ ಎಂಜಿನ್ನಿಗೆ ಗೇರಿನ ಸಹಾಯ ಕಡಿಮೆ ಸಿಗುವುದರಿಂದ ಗಾಡಿ ಇನ್ನೂ ಬೇಗ ನಿಲ್ಲುತ್ತದೆ. ಆದ್ದರಿಂದ ದೊಡ್ಡ ಟೈರ್ ಹಾಕಿರುವ ಹಳೆಯ ಸಿಂಕ್ರೊದಲ್ಲಿ ಯಾವುದು ಕಪ್ಲಿಂಗ್ ರೋಗ, ಯಾವುದು ಟೈರಿನ ಉಪದ್ರವ ಎಂದು ಬಿಡಿಸಿ ಹೇಳುವುದು ನುರಿತ ಮೆಕ್ಯಾನಿಕ್‌ಗೂ ಕಷ್ಟ.

ಸ್ಟೆಪ್ನಿಯ ಪಾಡು ಇದಕ್ಕಿಂತ ವಿಚಿತ್ರ. ಸಿಂಕ್ರೊದ ಸ್ಟೆಪ್ನಿ ಇರುವುದು ಮೂತಿಯ ಕೆಳಗಿನ ತಟ್ಟೆಯಲ್ಲಿ. ಅದರ ಅಳತೆ ಹಳೆಯ ಟೈರಿಗೆ ಸರಿಯಾಗಿ ಮಾಡಿದ್ದು, 744 ಮಿ.ಮೀ.ನ ಟೈರ್ ಒಳಗೆ ಹೋಗುವುದೇ ಇಲ್ಲ. ಹಲವರು ಹಳೆಯ ಸಣ್ಣ ಸ್ಟೆಪ್ನಿಯನ್ನೇ ಅಲ್ಲಿಟ್ಟು ನಿಶ್ಚಿಂತರಾಗಿರುತ್ತಾರೆ. ಪಂಕ್ಚರ್ ಆಗಿ ಅದನ್ನು ಮುಂದಿನ ಒಂದು ಚಕ್ರಕ್ಕೆ ಹಾಕಿದರು ಎನ್ನಿ, ಆ ಜೋಡಿಯ ಸರಾಸರಿಯಲ್ಲೇ ಹಿಂದಿನ ಜೋಡಿಗಿಂತ ಸುಮಾರು ಶೇ 7-8ರ ವ್ಯತ್ಯಾಸ ಬರುತ್ತದೆ. ಸವೆದ ಟೈರಿನ ಶೇ 1ಕ್ಕೇ ಕಾಯುವ ಡಬ್ಬಿ ಇದನ್ನು ಎಷ್ಟು ದೂರ ತಾಳೀತು? ತಿಳಿದವರು ಗಾಡಿಯಡಿ ಮಲಗಿ, ಧೂಳು ಮೈಮೇಲೆ ಸುರಿಸಿಕೊಂಡು ಪ್ರೊಪೆಲ್ಲರ್ ಶಾಫ್ಟಿನ ಬೋಲ್ಟುಗಳನ್ನು ಬಿಚ್ಚಿ ಅದನ್ನೇ ಕಳಚಿಟ್ಟುಕೊಂಡು ಬರೀ ಹಿಂಚಕ್ರದ ಗಾಡಿಯಾಗಿ ಊರು ಸೇರುತ್ತಾರೆ. ಅದಕ್ಕಿಂತ ಮೊದಲೇ ಯೋಚಿಸಿದವರು ಹಿಂಬಾಗಿಲ ಬಳಿ ಉಕ್ಕಿನ ತೋಳು ಮಾಡಿಸಿ ದೊಡ್ಡ ಸ್ಟೆಪ್ನಿಯನ್ನು ಅಲ್ಲಿಗೆ ನೇತುಹಾಕುತ್ತಾರೆ. ಅದರ ಭಾರ ಬೀಳುವುದು ಮೊದಲೇ ಎಂಜಿನ್ ಹೊತ್ತ ಹಿಂಭಾಗದ ಮೇಲೆ.

ಈಗ ಗ್ರಾಜ್‌ನವರು ಮಾಡಿದ್ದೇನು ನೋಡೋಣ. ಕಷ್ಟದ ನೆಲಕ್ಕೆಂದೇ ಅವರು 16 ಇಂಚಿನ ಚಕ್ರದ ಸಿಂಕ್ರೊವನ್ನೂ ತಯಾರಿಸಿದರು. ಒಟ್ಟು ಎರಡು ಸಾವಿರದ ಚಿಲ್ಲರೆ ಗಾಡಿಗಳಷ್ಟೇ. ಅಮೆರಿಕದಲ್ಲಿ ಅವನ್ನು ಕಂಪನಿ ಮಾರಲೇ ಇಲ್ಲ. ಅದರ ಟೈರ್ 205 ಆರ್ 16, ಎತ್ತರ ಸುಮಾರು 743 ಮಿ.ಮೀ. ಮಾಲೀಕರು ಇಂದು ಹಾಕಿಸುವ ಟೈರಿನಷ್ಟೇ ಎತ್ತರ! ಆದರೆ ಆ ಹತ್ತು ಸೆಂಟಿಮೀಟರಿಗಾಗಿ ಕಾರ್ಖಾನೆ ಚಕ್ರದ ಗೂಡುಗಳನ್ನು ಹಿಗ್ಗಿಸಿತು, ಬಾಡಿಗೆ ಹೆಚ್ಚುವರಿ ಬಲ ಕೊಟ್ಟಿತು, ಹಿಂದಿನ ತೋಳುಗಳನ್ನು ಉದ್ದ ಮಾಡಿತು, ಸಿ.ವಿ. ಜಾಯಿಂಟ್ ದೊಡ್ಡದು ಹಾಕಿತು, ಬ್ರೇಕ್ ದೊಡ್ಡದು ಮಾಡಿತು, ಕ್ರೌನ್ ಪಿನಿಯನ್ ಅನುಪಾತವನ್ನೂ ಬದಲಿಸಿತು. ಬ್ರೇಕನ್ನು ಏಕೆ ಮುಟ್ಟಿದರು ಎಂಬುದು ಸುಲಭದ ಯಂತ್ರಶಾಸ್ತ್ರ. ಟೈರ್ ಎತ್ತರವಾದಷ್ಟೂ ನೆಲ ಚಕ್ರವನ್ನು ತಿರುಗಿಸುವ ಸನ್ನೆ ಉದ್ದವಾಗುತ್ತದೆ, ಅದನ್ನು ನಿಲ್ಲಿಸಲು ಅದೇ ಬ್ರೇಕ್ ಶೇ 16ರಷ್ಟು ಹೆಚ್ಚು ಬಲ ಹಾಕಬೇಕು. ಮೇಲಾಗಿ ಭಾರದ ಟೈರ್ ಒಮ್ಮೆ ತಿರುಗಲು ಶುರುಮಾಡಿದರೆ ನಿಲ್ಲಲು ಒಪ್ಪುವುದಿಲ್ಲ.

ನನಗೆ ಇನ್ನೂ ಕುತೂಹಲದ್ದೆನಿಸುವುದು ಅವರು ಬದಲಿಸದೆ ಬಿಟ್ಟದ್ದು. ಅಗಲ 205 ಇದ್ದದ್ದು 205 ಆಗಿಯೇ ಉಳಿಯಿತು. ಬೆಳೆದದ್ದು ಎತ್ತರ ಮಾತ್ರ. ತೆಳ್ಳಗೆ ಎತ್ತರದ ಟೈರ್ ಕೆಸರನ್ನೂ ಹಿಮವನ್ನೂ ಸೀಳಿಕೊಂಡು ಗಟ್ಟಿ ನೆಲ ಮುಟ್ಟುತ್ತದೆ, ತಿರುಗುವಾಗ ಗೂಡಿನಲ್ಲಿ ಕಡಿಮೆ ಜಾಗ ಕೇಳುತ್ತದೆ, ಸ್ಟೀರಿಂಗಿಗೆ ಹಗುರ. ಮರಳಿಗೆ ಅಗಲ ಬೇಕಾದಾಗ ಗಾಳಿ ಇಳಿಸಿದರೆ ಟೈರೇ ಉದ್ದಕ್ಕೂ ಹರಡಿಕೊಳ್ಳುತ್ತದೆ. ಗಾಳಿ ಇಳಿಸಲು ಕಾಸು ಖರ್ಚಿಲ್ಲ, ಮತ್ತೆ ತುಂಬಲು ಒಂದು ಸಣ್ಣ ಪಂಪ್ ಸಾಕು. ಫೋಟೊಗೆ ಚೆನ್ನಾಗಿ ಕಾಣುವುದು ಮಾತ್ರ ಅಗಲವಾದ ಟೈರೇ, ಒಪ್ಪುತ್ತೇನೆ.

ಹೊಸ ಕಾಲದ ವ್ಯಾನುಗಳಲ್ಲಿ ಡಬ್ಬಿಯ ಜಾಗಕ್ಕೆ ಕಂಪ್ಯೂಟರ್ ಬಂದಿದೆ. ಅದು ನಾಲ್ಕೂ ಚಕ್ರಗಳ ವೇಗ ಎಣಿಸಿ ಜಾರಿದ್ದನ್ನು ಪತ್ತೆ ಮಾಡುತ್ತದೆ. ಸಮವಾಗಿ ಸವೆಯದ ಟೈರುಗಳು ಅದನ್ನೂ ದಾರಿ ತಪ್ಪಿಸುತ್ತವೆ. ಐದು ಟೈರುಗಳನ್ನು ಒಟ್ಟಿಗೆ ಕೊಂಡು, ಸ್ಟೆಪ್ನಿಯನ್ನೂ ಸರದಿಯಲ್ಲಿ ಸೇರಿಸಿ ಅದಲುಬದಲು ಮಾಡುವ ಹಳೆಯ ಪದ್ಧತಿ ಡಬ್ಬಿಗೂ ಕಂಪ್ಯೂಟರಿಗೂ ಒಳ್ಳೆಯದು.

ಇದನ್ನು ಓದಿ ನಮ್ಮೂರಿನ ಗಾಡಿಯ ಮೇಲೆ ಪ್ರಯೋಗಕ್ಕಿಳಿಯುವ ಮನಸ್ಸಾದವರು 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನೊಮ್ಮೆ ನೋಡುವುದು ಕ್ಷೇಮ. ತಯಾರಕರು ಮೂಲದಲ್ಲಿ ನಿಗದಿಪಡಿಸಿದ, ನೋಂದಣಿ ಪತ್ರದಲ್ಲಿ ನಮೂದಾದ ವಿವರಗಳಿಗೆ ವ್ಯತ್ಯಾಸ ಬರುವಂತೆ ವಾಹನ ಮಾರ್ಪಡಿಸಬಾರದು ಎನ್ನುತ್ತದೆ ಅದು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಖಚಿತವಾಗಿ ಎತ್ತಿಹಿಡಿದಿದೆ. ಜರ್ಮನಿಯಲ್ಲಿ ಬದಲಾವಣೆಗೆ ದಾರಿಯುಂಟು, ಆದರೆ ತಪಾಸಣಾ ಸಂಸ್ಥೆಯ ಎಂಜಿನಿಯರ್ ನೋಡಿ ಒಪ್ಪಬೇಕು. ಯುರೋಪಿನ ನಿಯಮದಂತೆ ಸ್ಪೀಡೋಮೀಟರ್ ಅಸಲು ವೇಗಕ್ಕಿಂತ ಕಡಿಮೆ ತೋರಿಸುವಂತೆಯೇ ಇಲ್ಲ, ಹಾಗಾಗಿ ಅಲ್ಲಿ ದೊಡ್ಡ ಟೈರಿನ ಜತೆ ಮೀಟರಿನ ರಿಪೇರಿಯೂ ಬರುತ್ತದೆ.

ಇಷ್ಟೆಲ್ಲ ಇದ್ದರೂ ಸಿಂಕ್ರೊ ಮಾಲೀಕರನ್ನು ಬರೀ ಶೋಕಿಯವರು ಎಂದು ತಳ್ಳಿಹಾಕುವಂತಿಲ್ಲ. ಅವರಿಗೆ ಇನ್ನೊಂದು ಇಕ್ಕಟ್ಟಿದೆ. ಆ ವ್ಯಾನಿನ ಮೂಲ ಟೈರ್ ಮಾಮೂಲಿ ಕಾರಿನದಲ್ಲ. 97 ಎಂಬ ಭಾರಸೂಚಿಯ, ಅಂದರೆ ತಲಾ 730 ಕಿಲೋ ಹೊರಬಲ್ಲ, ಬಲಪಡಿಸಿದ ಟೈರ್. 14 ಇಂಚಿನ ರಿಮ್ಮಿಗೆ ಅಷ್ಟು ಭಾರ ತಡೆಯುವ ಟೈರುಗಳು ಅಮೆರಿಕದ ಅಂಗಡಿಗಳಲ್ಲಿ ಅಪರೂಪವಾಗುತ್ತಾ ಬಂದಿವೆ. ಅಳತೆ ಕೂರುತ್ತದೆಂದು ಕಡಿಮೆ ಭಾರದ ಕಾರ್ ಟೈರ್ ಹಾಕಿಕೊಂಡು ಎರಡು ಟನ್ನಿನ ಗಾಡಿ ಓಡಿಸುವುದಕ್ಕಿಂತ 15 ಅಥವಾ 16 ಇಂಚಿನ ರಿಮ್ಮಿಗೆ ಹೋಗುವುದೇ ಜಾಣತನ. ಮರ್ಸಿಡಿಸ್ ಕಾರುಗಳ ಎಷ್ಟೋ ರಿಮ್ಮುಗಳಲ್ಲಿ ಐದು ನಟ್ಟುಗಳು ಕೂರುವ ವೃತ್ತದ ಅಡ್ಡಳತೆ ಈ ವ್ಯಾನಿನದೇ 112 ಮಿ.ಮೀ. ಆದ್ದರಿಂದ ಗುಜರಿಯಲ್ಲೂ ರಿಮ್ ಸಿಗುತ್ತದೆ. ನಟ್ ಕೂರುವ ಕುಳಿ ಗುಂಡಗಿದೆಯೋ ಓರೆಯಾಗಿದೆಯೋ, ರಿಮ್ ಎಷ್ಟು ಭಾರ ತಡೆಯುತ್ತದೆ ಎಂಬುದನ್ನು ನೋಡಿ ತರಬೇಕು ಅಷ್ಟೆ. ಅದರ ಮೇಲೆ 215/65 ಆರ್ 16 ಹಾಕಿದರೆ ಎತ್ತರ 686 ಮಿ.ಮೀ.; ಮೂಲಕ್ಕಿಂತ ಶೇ 7ಕ್ಕೂ ಕಡಿಮೆ ಹೆಚ್ಚಳ. ಎಂಜಿನ್ ಅಷ್ಟನ್ನು ಗೊಣಗದೆ ಒಪ್ಪಿಕೊಳ್ಳುತ್ತದೆ.

ಅದಕ್ಕಿಂತ ಮೇಲೆ ಹೋಗಲೇಬೇಕೆನ್ನುವವರಿಗೆ ಕ್ರೌನ್ ಪಿನಿಯನ್ ಬದಲಿಸದೆ ಗತಿಯಿಲ್ಲ. ಶೇ 16ರ ಹೆಚ್ಚಳವನ್ನು ಸರಿದೂಗಿಸಲು 4.86 ಇರುವುದನ್ನು 5.6ರ ಆಸುಪಾಸಿಗೆ ತರಬೇಕು. ಹಿಂದಿನ ಚಕ್ರದ ಗಾಡಿಯಾಗಿದ್ದರೆ ಒಂದು ಸೆಟ್ ಸಾಕಿತ್ತು. ಇಲ್ಲಿ ಹಿಂದಿನದು ಬದಲಾಗಿ ಮುಂದಿನದು ಹಳೆಯದೇ ಉಳಿದರೆ ಎರಡೂ ಕಡೆಯ ವೇಗ ತಾಳೆಯಾಗದೆ ಆ ಸಿಲಿಕೋನ್ ಡಬ್ಬಿ ಮೊದಲ ದಿನವೇ ಕಾಯತೊಡಗುತ್ತದೆ. ಎರಡೂ ಹೌಸಿಂಗ್ ಬಿಚ್ಚಬೇಕು, ಎರಡಕ್ಕೂ ಒಂದೇ ಅನುಪಾತದ ಸೆಟ್ ಹಾಕಬೇಕು. ಆ ಕೆಲಸಕ್ಕೆ ಗೇರ್ ಬಾಕ್ಸ್ ಕೆಳಗಿಳಿಸುವುದು ಹೇಗೂ ತಪ್ಪದು. ಹಾಗಾಗಿ ಗೇರ್ ಬಾಕ್ಸ್ ರಿಪೇರಿಗೆಂದು ತಾನಾಗಿ ಇಳಿಯುವ ದಿನದವರೆಗೆ ಟೈರ್ ಕೊಳ್ಳುವುದನ್ನು ಮುಂದೂಡುವ ಮಾಲೀಕರಿಗೆ ಕೂಲಿಯ ದುಡ್ಡು ಒಂದೇ ಸಲಕ್ಕೆ ಮುಗಿಯುತ್ತದೆ.